ಆಯಿಯ ಮಾತು ಅಚ್ಚಾದ ಅಂಗಿಗಳು

ನಾನು ನಿಂತಿದ್ದದ್ದು ನಿಪ್ಪಾಣಿಯ ಒಂದು ಪ್ರಿಂಟಿಂಗ್ ಅಂಗಡಿಯ ಕೌಂಟರಿನ ಹೊರಗೆ, ಬೀದಿಗೆ ಬೆನ್ನು ಮಾಡಿ. ಹೋದ ವರ್ಷದ ನವೆಂಬರಿನ ಒಂದು ಬುಧವಾರ, ಬೆಳಗಿನ ಹನ್ನೊಂದರ ಸುಮಾರು. ಕಬ್ಬಿನ ಹಂಗಾಮು ಶುರುವಾಗಿತ್ತು. ನನ್ನ ಬಲಗೈ ಬಿಳಿ ಇಂಕಿನ ಡಬ್ಬಿಯ ಮುಚ್ಚಳದ ಮೇಲಿತ್ತು, ಹೆಬ್ಬೆರಳಿಗೆ ಇಂಕು ಹತ್ತಿತ್ತು. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಪೊಲೀಸರೂ ವಕೀಲರೂ ನನ್ನನ್ನು ಮೊದಲು ಕೇಳಿದ್ದು ಇದನ್ನೇ: ಎಲ್ಲಿ ನಿಂತಿದ್ದಿರಿ, ಏನು ಮಾಡುತ್ತಿದ್ದಿರಿ. ಇಬ್ಬರಿಗೂ ಹೀಗೆಯೇ ಹೇಳಿದ್ದೇನೆ.

ಆ ಅಂಗಡಿಯವರು ನನಗಿಂತ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಅಂಗಿ, ಚೀಲಗಳಿಗೆ ಅಚ್ಚು ಹಾಕುವುದರ ಜೊತೆಗೆ ನಮ್ಮಂಥ ಸಣ್ಣ ಪ್ರಿಂಟರುಗಳಿಗೆ ಇಂಕು, ಸ್ಕ್ರೀನಿನ ಬಟ್ಟೆ, ಕೆಮಿಕಲ್ಲು ಮಾರುತ್ತಾರೆ. ನನ್ನದು ಚಿಕ್ಕೋಡಿಯಲ್ಲಿ ಅದೇ ಕೆಲಸದ ಚಿಕ್ಕ ಅಂಗಡಿ. ಮುಂದಿನ ಕೋಣೆಯಲ್ಲಿ ಟೀ ಶರ್ಟ್ ಮಾರುತ್ತೇವೆ, ಹಿಂದಿನ ಕೋಣೆಯಲ್ಲಿ ಅಚ್ಚು ಹಾಕುತ್ತೇವೆ. ಕೆಲಸದವರು ನಾನು ಮತ್ತು ನನ್ನ ಹೆಂಡತಿ, ಇಬ್ಬರೇ.

"ಏನೋ ಚಿಕ್ಕೋಡಿ, ಹೋದ ವಾರ ಒಯ್ದ ಬಿಳೇ ಇಂಕ ಇಷ್ಟ ಲಗೂ ಖಾಲಿ ಆತು? ಚಹಾದಾಗ ಹಾಕ್ಕೊಂಡ ಕುಡೀತೀಯೇನ?" ಎಂದು ಕಾಕಾ ನಗುತ್ತಿದ್ದರು. ನನ್ನ ಬೆನ್ನ ಹಿಂದೆ ಜೀಪು ನಿಂತ ಸದ್ದಾಯಿತು. ಕಾಕಾನ ನಗು ಬಾಯಿಯ ಮೇಲೇ ನಿಂತಿತು.

ಒಬ್ಬ ಪೊಲೀಸ್ ಅಧಿಕಾರಿ, ಇಬ್ಬರು ಪೇದೆಗಳು, ಅವರ ಹಿಂದೆ ಬೆನ್ನಿಗೆ ಬ್ಯಾಗು ಹಾಕಿಕೊಂಡ ಒಬ್ಬ ಸಣಕಲು ಮನುಷ್ಯ ಒಳಗೆ ಬಂದರು. ಆ ಮನುಷ್ಯ ಗಡಿಯಾಚೆಯ ದೊಡ್ಡ ಊರಿನ ಒಂದು ವಿಡಿಯೊ ಕಂಪನಿಯ ಏಜೆಂಟ್ ಎಂದು ಆಮೇಲೆ ತಿಳಿಯಿತು. ಅವನು ಯಾರನ್ನೂ ಕೇಳದೆ ನೇರವಾಗಿ ಕಾಕಾನ ಕಪಾಟಿನ ಮುಂದೆ ಹೋಗಿ, ಮೇಲಿನ ಸಾಲಿನ ಒಂದು ಅಂಗಿಯನ್ನು ಬೆರಳಲ್ಲಿ ಎಳೆದು ತೋರಿಸಿದ. "ಹೇಚ್ ಆಹೇ" ಎಂದ ಮರಾಠಿಯಲ್ಲಿ. ಇದೇ ಅದು, ಎಂದು.

ಆ ಅಂಗಿಯ ಮೇಲೆ ತಲೆಯ ಮೇಲೆ ಸೆರಗು ಹೊದ್ದ ಮುದುಕಿಯ ಚಿತ್ರವಿತ್ತು. ಕೈಯಲ್ಲಿ ತಂಬಿಗೆ. ಕೆಳಗೆ ಒಂದು ಮಾತು: "ಮೊದ್ಲ ನೀರ ಕುಡೀರಿ, ಆಮ್ಯಾಲ ಬಡದಾಡ್ರಿ."

ಅದೇ ಮಾತಿನ ಅಂಗಿಗಳು ಆ ಹೊತ್ತಿಗೆ ಚಿಕ್ಕೋಡಿಯಲ್ಲಿ ನನ್ನ ಹಿಂದಿನ ಕೋಣೆಯ ಹಗ್ಗದ ಮೇಲೆ ಒಣಗುತ್ತಿದ್ದವು.

ಆ ಮಾತು ಎಲ್ಲಿಂದ ಬಂತೆಂದು ಹೇಳಬೇಕು. ನಮ್ಮ ಕಡೆ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗಳು ನಡೆಯುತ್ತವೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ಕಟ್ಟುತ್ತಾರೆ. ಯಾವುದು ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೋ ಅದು ಗೆದ್ದಂತೆ. ಒಂದೊಂದು ಟ್ರ್ಯಾಕ್ಟರಿಗೂ ಅಭಿಮಾನಿಗಳ ಗುಂಪಿರುತ್ತದೆ, ಗುಂಪಿಗೊಂದು ಬಣ್ಣದ ಅಂಗಿ. ಕೃಷ್ಣೆಯ ದಂಡೆಯ ಜುಗೂಳದಲ್ಲಿ ಒಮ್ಮೆ ಇಂಥ ಸ್ಪರ್ಧೆಯಲ್ಲಿ ಗೆರೆ ದಾಟಿತೋ ಇಲ್ಲವೋ ಎಂದು ಎರಡು ಗುಂಪಿನವರು ಕೊರಳಪಟ್ಟಿ ಹಿಡಿದುಕೊಂಡರು. ಅಲ್ಲೇ ಭಜಿ ಕರಿಯುತ್ತಿದ್ದ ಮುದುಕಿ ಎದ್ದುಬಂದು, ತಂಬಿಗೆಯನ್ನು ಇಬ್ಬರ ನಡುವೆ ಹಿಡಿದು ಆ ಮಾತು ಅಂದಳು. ಜಗಳ ನಗೆಯಲ್ಲಿ ಮುಗಿಯಿತು. ಯಾರೋ ತೆಗೆದ ವಿಡಿಯೊ ಊರೂರು ತಿರುಗಿತು. ಆ ಮುದುಕಿಯನ್ನು ಊರೆಲ್ಲ ಆಯಿ ಎಂದೇ ಕರೆಯುತ್ತದೆ.

ಕಾಗವಾಡ ಕಡೆಯ ಒಂದು ಟ್ರ್ಯಾಕ್ಟರ್ ಗುಂಪಿನವರು ಆ ಮಾತನ್ನೇ ಹಾಕಿ ಅಂಗಿ ಮಾಡಿಕೊಡಿ ಎಂದು ನನ್ನ ಬಳಿ ಬಂದರು. ಕೇಳದೆ ಹಾಕಬಾರದು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ಸರಿಯೇ, ಕೇಳಿದ ರೀತಿ ಮಾತ್ರ ನಮ್ಮ ಕಡೆಯದು. ನಾನೂ ಹೆಂಡತಿಯೂ ಜುಗೂಳಕ್ಕೆ ಹೋದೆವು. ಆಯಿಯ ಗಂಡ ಇದ್ದಾರೆ, ಮುತ್ತೈದೆ. ನನ್ನ ಹೆಂಡತಿ ಅವಳನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಎಲೆ ಅಡಿಕೆ ಇಟ್ಟು ಉಡಿ ತುಂಬಿದಳು. ಆಮೇಲೆ ಕೇಳಿದೆವು. "ಬರಕೋ ಮಗಾ, ಮಾತಿಗೇನ ಬಾಡಿಗಿ ಐತೇನ?" ಎಂದಳು ಆಯಿ. ನಮ್ಮಲ್ಲಿ ಉಡಿ ತುಂಬಿಸಿಕೊಂಡವಳು ಮನೆಯ ಮಗಳಾಗುತ್ತಾಳೆ. ಅದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೊಂದು ಇರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಾಕಾನ ಅಂಗಡಿಯಲ್ಲಿ ಅಧಿಕಾರಿ ನನ್ನ ಕಡೆ ತಿರುಗಿದರು.

"ನೀವ ಹೋಗಬ್ಯಾಡ್ರಿ. ಪಂಚರು ಬೇಕ ಇಬ್ರು. ನಿಮ್ಮ ಕಣ್ಣಮುಂದ ಏನ ನಡೀತೈತಿ ಅದನ್ನ ನೋಡೂದು, ಸಹಿ ಮಾಡೂದು, ಅಷ್ಟ. ಹೆದರೂವಂಥಾದ್ದ ಏನಿಲ್ಲ."

ಪಂಚ ಎಂದರೆ ಜಪ್ತಿಯ ಸಾಕ್ಷಿ. ನಾನು ಡಬ್ಬಿಯ ಮುಚ್ಚಳದಿಂದ ಕೈ ತೆಗೆದೆ. ಇನ್ನೊಬ್ಬ ಪಂಚನನ್ನು ಎದುರಿನ ಕಟಿಂಗ್ ಅಂಗಡಿಯಿಂದ ಕರೆತಂದರು. ಅವನ ಕೈಗೆ ಸೋಪಿನ ನೊರೆ ಹತ್ತಿತ್ತು. ಅವನ ಹಿಂದೆಯೇ ಗಿರಾಕಿಯೊಬ್ಬ ಕುರ್ಚಿಯಿಂದ ಕೂಗಿದ:

"ಲೇ, ಅರ್ಧಾ ಗಡ್ಡ ಬಿಟ್ಟ ಎಲ್ಲಿ ಹೊಂಟ್ಯೋ?"

"ಸರಕಾರ ಕರದೈತಿ, ಕುಂದರ ಸುಮ್ನ. ಅರ್ಧಾ ಗಡ್ಡದಾಂವನ್ನ ಯಾರೂ ಓಡಿಸ್ಕೊಂಡ ಹೋಗಾಂಗಿಲ್ಲ," ಎಂದ ಅವನು.

ಒಬ್ಬ ಪೇದೆ ಮೊಬೈಲು ಎತ್ತಿ ಹಿಡಿದು ವಿಡಿಯೊ ಶುರು ಮಾಡಿದ. ಈಗ ಜಪ್ತಿಯನ್ನೆಲ್ಲ ಹೀಗೆ ಚಿತ್ರೀಕರಿಸಬೇಕಂತೆ. ಮೊದಲು ಕ್ಷೌರಿಕನ ಮುಖ, ಆಮೇಲೆ ನನ್ನ ಮುಖ. ಅಧಿಕಾರಿ ಹೆಸರು, ಊರು ಕೇಳಿ ಬರೆದುಕೊಂಡರು.

"ಉದ್ಯೋಗ?"

"ಅಂಗಡಿ ಐತ್ರಿ."

"ಏನ ಅಂಗಡಿ?"

"ಬಟ್ಟೀದು."

ಅವರು 'ಬಟ್ಟೆ ವ್ಯಾಪಾರ' ಎಂದು ಬರೆದರು. ಕಾಕಾ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಕೊನೆಯವರೆಗೂ ನನ್ನ ಕಡೆ ನೋಡಲಿಲ್ಲ. ಒಂದು ಮಾತು ಅವರ ಬಾಯಿಂದ ಬಂದಿದ್ದರೆ, 'ಅಂವನೂ ಪ್ರಿಂಟರ್‌ನ ಅದಾನ್ರಿ' ಎಂದುಬಿಟ್ಟಿದ್ದರೆ, ಜೀಪು ಅಲ್ಲಿಂದ ನೇರ ಚಿಕ್ಕೋಡಿಗೆ ಬರುತ್ತಿತ್ತು. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಇಂಕು ಅಂಗೈಗೂ ಹತ್ತಿತು.

ಮೊದಲು ಅಂಗಿಗಳನ್ನು ಕಪಾಟಿನಿಂದ ಇಳಿಸಿ ಎಣಿಸಿದರು. ಆಮೇಲೆ ಒಳಗಿನ ಕೋಣೆ. ಗೋಡೆಗೆ ಒರಗಿಸಿದ್ದ ಸ್ಕ್ರೀನುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ಸ್ಕ್ರೀನೆಂದರೆ ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಸಣ್ಣ ಜಾಳಿಗೆಯ ಬಟ್ಟೆ. ಅದಕ್ಕೆ ಕೆಮಿಕಲ್ಲು ಬಳಿದು, ಚಿತ್ರದ ಫಿಲ್ಮು ಇಟ್ಟು ಬೆಳಕು ಕೊಟ್ಟು ತೊಳೆದರೆ, ಚಿತ್ರವಿದ್ದ ಜಾಗದಲ್ಲಿ ಮಾತ್ರ ಜಾಳಿಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಇಂಕು ಇಳಿಯುತ್ತದೆ. ಮೂರನೆಯ ಸ್ಕ್ರೀನಿನಲ್ಲಿ ಬೆಳಕಿನ ಗೆರೆಗಳಲ್ಲಿ ಆಯಿ ನಿಂತಿದ್ದಳು.

ಏಜೆಂಟ್ ತನ್ನ ಬ್ಯಾಗಿನಿಂದ ಅದೇ ಮಾತು, ಅದೇ ಚಿತ್ರ ಹಾಕಿ ಕಂಪನಿಯೇ ಮಾರುವ ಅಂಗಿಯೊಂದನ್ನು ತೆಗೆದು ಪಕ್ಕದಲ್ಲಿ ಹಾಸಿದ. ಪೆನ್ನಿನ ತುದಿಯಿಂದ ಸೀರೆಯ ಅಂಚಿನ ಹತ್ತಿರ ಮುಟ್ಟಿ ತೋರಿಸಿದ. ಅಲ್ಲಿ ಎರಡು ಚಿಕ್ಕ ಗೀರುಗಳಿದ್ದವು, ಚಿತ್ರ ಬರೆದವನ ಗುರುತು. ಕಾಕಾನ ಅಂಗಿಯಲ್ಲೂ ಅದೇ ಜಾಗದಲ್ಲಿ ಅದೇ ಎರಡು ಗೀರುಗಳು. ಕಾಕಾ ಚಿತ್ರವನ್ನು ಫೋನಿನಿಂದ ಎತ್ತಿ ಹಾಗೇ ಫಿಲ್ಮಿಗೆ ಇಳಿಸಿದ್ದರು. ಗುರುತನ್ನು ಚಿತ್ರದ ಭಾಗವೆಂದೇ ತಿಳಿದಿದ್ದರೇನೋ.

"ಸಾಹೇಬ್ರ," ಎಂದರು ಕಾಕಾ, "ಮುದುಕಿ ನಮ್ಮ ಕಡೀಯಾಕಿ. ಮಾತು ಆಕೀದು, ಮಾರಿ ಆಕೀದು. ಇವ್ರಿಗೇನ ಸಂಬಂಧ್ರಿ?"

"ಅದನ್ನ ಕೋರ್ಟಿನ್ಯಾಗ ಹೇಳ್ರಿ ಕಾಕಾ. ನನ್ನ ಮುಂದ ದೂರು ಐತಿ, ಚಿತ್ರ ಐತಿ, ಅಂಗಿ ಐತಿ. ಕಾಪಿರೈಟ್ ಕಾಯ್ದೆ ಪ್ರಕಾರ ನಾ ತಗೊಂಡ ಹೋಗಾಕ ಬೇಕು."

ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ನನ್ನ ಹೆದರಿಕೆ ಅದರಿಂದ ಹೆಚ್ಚಾಯಿತು. ಅಂಗಿಗಳನ್ನೂ ಸ್ಕ್ರೀನನ್ನೂ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ದಾರದ ಗಂಟಿನ ಮೇಲೆ ಅರಗು ಕರಗಿಸಿ ಮೊಹರು ಒತ್ತಿದರು. ಪ್ರತಿ ಚೀಲಕ್ಕೂ ಒಂದು ಚೀಟಿ, ಚೀಟಿಯ ಮೇಲೆ ಕ್ಷೌರಿಕನ ಸಹಿ, ನನ್ನ ಸಹಿ. ಕಡೆಗೆ ಪಂಚನಾಮೆಯನ್ನು ಗಟ್ಟಿಯಾಗಿ ಓದಿದರು. 'ನಮ್ಮ ಸಮಕ್ಷಮ' ಎಂದು ಬಂದಾಗಲೆಲ್ಲ ಹೆಬ್ಬೆರಳನ್ನು ಮತ್ತೆ ಮುಷ್ಟಿಯೊಳಗೆ ಎಳೆದುಕೊಳ್ಳುತ್ತಿದ್ದೆ. ಸಹಿ ಹಾಕಿದೆ. ಕಾಕಾನನ್ನು ಹೇಳಿಕೆಗೆಂದು ಜೀಪಿನಲ್ಲಿ ಕರೆದುಕೊಂಡು ಹೋದರು. ಸಂಜೆಗೆ ಮನೆಗೆ ಬಿಟ್ಟರು ಎಂದು ತಿಳಿಯಿತು.

ಚಿಕ್ಕೋಡಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಎದುರಿಗೆ ಬಂದ ಪ್ರತಿ ಜೀಪನ್ನೂ ತಿರುಗಿ ನೋಡಿದೆ. ಅಂಗಡಿಗೆ ಬಂದಾಗ ಹೆಂಡತಿ ಒಣಗಿದ ಅಂಗಿಗಳನ್ನು ಮಡಚುತ್ತಿದ್ದಳು.

"ಇಂಕ ಎಲ್ಲಿ?" ಎಂದಳು.

ಡಬ್ಬಿಯನ್ನು ಕೌಂಟರಿನ ಮೇಲೇ ಬಿಟ್ಟು ಬಂದಿದ್ದೆ. ಶಟರ್ ಅರ್ಧ ಎಳೆದು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಮೆಲ್ಲಗೆ ಕೆಳಗಿಟ್ಟಳು, ಅದು ಬಿಸಿಯಾಗಿದೆಯೋ ಎಂಬಂತೆ.

"ಆಯಿ ಹೂಂ ಅಂದಾಳಲ್ಲ. ನಾ ಉಡಿ ತುಂಬೇನಿ."

"ಕಾಕಾನೂ ಹಂಗ ಅಂದ್ರು. ಮುದುಕಿ ನಮ್ಮಾಕಿ ಅಂತ."

"ಅವ್ರೇನ ಉಡಿ ತುಂಬ್ಯಾರೇನ? ಫೋನಿನ್ಯಾಗಿಂದ ಕದ್ದಾರ."

"ಪೊಲೀಸ್ರಿಗೆ ತೆಂಗಿನಕಾಯಿ ತೋರಸಲೇನ?"

ಅವಳು ಹಿಂದಿನ ಕೋಣೆಯ ಕಡೆ ನೋಡಿದಳು. ಆಮೇಲೆ, ಸ್ಕ್ರೀನು ತೊಳೆದುಬಿಡೋಣವೇ ಎಂದು ಕೇಳಿದಳು. ಕೆಮಿಕಲ್ಲು ಹಾಕಿ ತಿಕ್ಕಿದರೆ ಮಾತು ಹೋಗಿ ಬರೀ ಬಟ್ಟೆ ಉಳಿಯುತ್ತದೆ. ನನ್ನ ಕೈ ಬ್ರಶ್ಶಿನವರೆಗೆ ಹೋಯಿತು. ಆದರೆ ಆಗಲೇ ಕೊಟ್ಟಿದ್ದ ಅಂಗಿಗಳು ರಾಯಬಾಗ, ಅಥಣಿ ಕಡೆ ಜನರ ಮೈಮೇಲೆ ತಿರುಗುತ್ತಿದ್ದವು. ಅವನ್ನು ಯಾರು ತೊಳೆಯುತ್ತಾರೆ? ಮೊದಲು ವಕೀಲರನ್ನು ಕೇಳೋಣ ಎಂದೆ.

ಅಷ್ಟರಲ್ಲಿ ಕಾಗವಾಡದ ಗುಂಪಿನ ಮುಂದಾಳಿನ ಫೋನು ಬಂತು. ಆದ ವಿಷಯ ಹೇಳದೆ, ಆ ಮಾತಿನ ಅಂಗಿ ಕೊಡಲು ಆಗುವುದಿಲ್ಲ ಎಂದೆ.

"ಅಣ್ಣಾ, ರವಿವಾರ ಸ್ಪರ್ಧಾ ಐತಿ. ನಮ್ಮ ಹುಡುಗ್ರು ಬನಿಯನ್ ಮ್ಯಾಲ ನಿಂದರಬೇಕೇನ?"

"ಬರೇ ಬಣ್ಣದ ಅಂಗಿ ಕೊಡತೀನಿ. ಮ್ಯಾಲ ಏನೂ ಬರಿಯಾಂಗಿಲ್ಲ."

"ಏನೂ ಬರೀದ ಅಂಗಿ ಹಾಕ್ಕೊಂಡ್ರ ನಾವ ಯಾರ ಕಡೆ ಅಂತ ಟ್ರ್ಯಾಕ್ಟರಿಗೆ ಹೆಂಗ ಗೊತ್ತಾಗಬೇಕು?" ಎಂದು ಬೈದು ಫೋನಿಟ್ಟ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ವಕೀಲರು ಚಿಕ್ಕೋಡಿಯ ಕೋರ್ಟಿನ ಹತ್ತಿರ ಚಹಾದಂಗಡಿಯ ಬೆಂಚಿನ ಮೇಲೆ ಸಿಕ್ಕರು. ಪತ್ರಿಕೆಯಲ್ಲಿ ಸುತ್ತಿ ಒಯ್ದಿದ್ದ ನನ್ನ ಅಂಗಿಯನ್ನು ತೊಡೆಯ ಮೇಲೆ ಹಾಸಿಕೊಂಡು ನೋಡಿದರು. ನನ್ನ ಅಂಗಿಯ ಮೇಲೆ ಮುದುಕಿಯ ಚಿತ್ರವಿರಲಿಲ್ಲ. ಮಾತನ್ನು ನಾನು ಫಿಲ್ಮಿನ ಬದಲು ಬೆಳಕು ಹಾಯುವ ತೆಳು ಬಟರ್ ಪೇಪರಿನ ಮೇಲೆ ಬ್ರಶ್ಶಿನಿಂದ ಕೈಯಾರೆ ಬರೆದಿದ್ದೆ. ಕೆಳಗೆ ಒಂದು ತಂಬಿಗೆ ಇತ್ತು.

"ಈ ತಂಬಗಿ ಯಾರದ್ರಿ?"

"ನಮ್ಮ ಮನೀದ್ರಿ. ನೋಡಿ ಬರದೇನಿ."

"ಅವರದರಾಗೂ ತಂಬಗಿ ಐತಿ."

"ತಂಬಗಿ ಎಲ್ಲಾರ ಮನ್ಯಾಗೂ ಇರತೈತ್ರಿ."

"ನೀವ ಹಿಂಗ ಉತ್ತರ ಕೊಟ್ರ ಎದುರಿನ ವಕೀಲ ಚಹಾ ಕುಡದಷ್ಟ ಸಲೀಸ ನಿಮ್ಮನ್ನ ಕುಡದ ಬಿಡತಾನ," ಎಂದು ಅವರು ಲೋಟ ಕೆಳಗಿಟ್ಟರು. ಆಮೇಲೆ ಬಿಡಿಸಿ ಹೇಳಿದರು. ಅಂಥ ಚಿಕ್ಕ ಮಾತೊಂದಕ್ಕೇ ಕಾಪಿರೈಟ್ ಸಿಗುವುದು ಕಷ್ಟ. ಚಿತ್ರಕ್ಕೆ ಸಿಗುತ್ತದೆ, ವಿಡಿಯೊಗೆ ಸಿಗುತ್ತದೆ. ಆದರೆ ಕಂಪನಿಯವರು ಅದೇ ಮಾತನ್ನು ಅಂಗಿ ಮಾರುವ ತಮ್ಮ ಗುರುತೆಂದು ನೋಂದಣಿ ಮಾಡಿಸಿದ್ದರೆ ಅದು ಟ್ರೇಡ್‌ಮಾರ್ಕ್, ಬೇರೆಯೇ ಕಾಯ್ದೆ. ಮಾಡಿಸಿದ್ದಾರೋ ಇಲ್ಲವೋ ಹುಡುಕಿ ನೋಡಬೇಕು. ಸ್ಕ್ರೀನು ತೊಳೆಯಬಾರದು, ತೊಳೆದರೆ ಸಾಕ್ಷಿ ನಾಶ ಮಾಡಿದ ಎನ್ನುತ್ತಾರೆ. ಅಂಗಿ ಮಾರಬಾರದು.

ಉಡಿ ತುಂಬಿದ್ದನ್ನು ಹೇಳಿದೆ. ಅವರು ನಗಲಿಲ್ಲ.

"ಬಾಯಿಲೆ ಹೂಂ ಅಂದದ್ದು ಕಾಗದದ ಮ್ಯಾಲ ಇಲ್ಲ. ಅದ್ರಿಂದ ನಿಮಗ ಉಪಯೋಗೂ ಇಲ್ಲ, ಆಕೀಗೆ ತ್ರಾಸೂ ಇಲ್ಲ. ಒಂದ ಕೆಲಸ ಮಾಡ್ರಿ. ಮಾತು ನಂದು, ನಾ ಮೊದಲಿಂದನೂ ಅನ್ನಾಕತ್ತೇನಿ, ಇವ್ರಿಗೆ ಬರಕೋ ಅಂತ ನಾನ ಹೇಳೇನಿ ಅಂತ ಅಫಿಡವಿಟ್ ಮಾಡಸ್ಕೊಂಡ ಬರ್ರಿ. ಅದೊಂದ ಕೈಯಾಗ ಇದ್ರ ನೀವ ಅರ್ಧಾ ಪಾರಾದಂಗ."

ಕಾಗದವನ್ನು ಅವರೇ ಟೈಪು ಮಾಡಿಸಿಕೊಟ್ಟರು. ಆಯಿ ಓದಿದವಳಲ್ಲ, ಮೊದಲು ಹೆಬ್ಬೆಟ್ಟು ಒತ್ತಿಸಿರಿ, ನೋಟರಿಯ ಮುಂದೆ ಆಮೇಲೆ ಕರೆತರೋಣ ಎಂದರು. ಅದು ಹಾಗೆ ಮಾಡುವ ಕೆಲಸವಲ್ಲ ಎಂದು ಇಂದು ಗೊತ್ತು. ಅಂದು ನನಗೆ ಬೇಕಾಗಿದ್ದದ್ದು ಕೈಯಲ್ಲಿ ಹಿಡಿಯುವಂಥ ಒಂದು ಕಾಗದ. ಪೇಟೆಯಲ್ಲಿ ಒಂದು ಇಂಕ್ ಪ್ಯಾಡ್ ಕೊಂಡು, ಹೆಂಡತಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಯಡೂರು ದಾಟಿ, ಹೊಳೆ ದಾಟಿ ಜುಗೂಳಕ್ಕೆ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಟ್ರೇಲರುಗಳು. ಒಂದು ಟ್ರೇಲರಿನ ಹಿಂದೆ ಬಿಳಿ ಬಣ್ಣದಲ್ಲಿ ಅದೇ ಮಾತು ಬರೆದಿತ್ತು. ನಾನು ಅದನ್ನು ಹಿಂದೆ ಹಾಕಲಾರದೆ ತುಂಬ ದೂರ ಅದರ ಬೆನ್ನಿಗೇ ಹೋಗಬೇಕಾಯಿತು.

ಆಯಿ ಒಲೆಯ ಮುಂದೆ ಕೂತಿದ್ದಳು. ಅವಳ ಗಂಡ ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಎದುರಿಗೆ ರಸ್ತೆಯಲ್ಲಿ ಇಬ್ಬರು ಚಾಲಕರು ಟ್ರೇಲರು ತಾಗಿದ್ದಕ್ಕೆ ಕಿತ್ತಾಡುತ್ತಿದ್ದರು. ಆಯಿ ಅವರ ಕಡೆ ನೋಡಿದಳು, ಸೆರಗನ್ನು ಎಳೆದು ಬಾಯಿಗೆ ಒತ್ತಿಕೊಂಡಳು, ಮತ್ತೆ ಬಾಣಲೆಯ ಕಡೆ ತಿರುಗಿದಳು.

ಹೆಂಡತಿಯನ್ನು ಕಂಡು, "ಬಾ ಮಗಳ," ಎಂದಳು. ಆಮೇಲೆ ದನಿ ಇಳಿಸಿ ನನ್ನನ್ನು ಕೇಳಿದಳು: "ನಿಪ್ಪಾಣ್ಯಾಗ ನನ್ನ ಮಾತಿಂದ ಯಾರನೋ ಪೊಲೀಸ್ರು ಹಿಡಕೊಂಡ ಹೋಗ್ಯಾರಂತ. ಖರೇನ?"

"ಹೌದಾಯಿ. ಬಿಟ್ಟಾರ ಈಗ."

"ನನಗೂ ಹಿಡೀತಾರೇನ ಮಗಾ?"

"ನಿನಗ್ಯಾಕ ಹಿಡೀತಾರ?"

"ಅಂದಾಕಿ ನಾನಲ್ಲ?"

ಅವಳ ಗಂಡ ಈಳಿಗೆಯಿಂದ ತಲೆ ಎತ್ತದೆ ಹೇಳಿದರು: "ಆ ಸುದ್ದಿ ಕೇಳಿದಾಗಿಂದ ನನ್ನ ಜೋಡೀನೂ ಜಗಳಾಡವಲ್ಲಳ್ರಿ. ಮನ್ಯಾಗ ಸಪ್ಪಳನ ಇಲ್ಲ."

ನಾನು ಕಾಗದ ತೆಗೆದೆ. ಅದರಲ್ಲಿ ಏನಿದೆ ಎಂದು ಓದಿ ಹೇಳಿದೆ. ಮಾತು ನಿನ್ನದು, ನನಗೆ ಬರಕೋ ಅಂದವಳು ನೀನು, ಅಷ್ಟೇ ಬರೆದಿದೆ ಎಂದೆ. ಆಯಿ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಎಲ್ಲಿ ಒತ್ತಲಿ? ನಿನಗೂ ಒತ್ತತೀನಿ ತಾ."

"ನಿನಗೂ ಅಂದ್ರ?" ಎಂದಳು ನನ್ನ ಹೆಂಡತಿ.

"ಆ ವಿಡಿಯೊದವ್ರೂ ಬಂದಿದ್ರಲ್ಲ. ನಿಮ್ಮಕಿಂತ ಮೊದಲ. ಸೀರಿ ಉಡಿಸಿದ್ರು, ಕಾಗದಾ ಓದಿದ್ರು. ಮರಾಠಿಯಾಗ ಜೋರ ಓದಿದ್ರು, ನನಗ ಅರ್ಧಾನೂ ತಿಳೀಲಿಲ್ಲ. ಕಡೀಕ, ಇನ್ನ ಮ್ಯಾಲ ಈ ಮಾತು ಬ್ಯಾರೇದವ್ರಿಗೆ ಕೊಡಾಂಗಿಲ್ಲ ಅಂದ್ರು. ನಾ ನಕ್ಕೆ. ಮಾತು ಹೆಂಗ ಕೊಡೂದು ಮಗಾ, ಅದೇನ ಒಲಿ ಮ್ಯಾಲಿನ ಭಜೀನ? ಹೆಬ್ಬಟ್ಟ ಒತ್ತಿದೆ."

"ಆ ಕಾಗದಾ ಐತೇನ ನಿನ್ನ ಕಡೆ?"

"ಅವ್ರ ಒಯ್ದಾರ."

"ಆಕಿ ಕಡೆ ಇರೂದ ಹೆಬ್ಬಟ್ಟ ಒಂದ," ಎಂದರು ಗಂಡ. "ಯಾರ ಕೇಳಿದ್ರೂ ಕೊಡತಾಳ."

ಆಯಿ ಅಷ್ಟರಲ್ಲಿ ನನ್ನ ಮೊಣಕಾಲಿನ ಪಕ್ಕದಲ್ಲಿದ್ದ ಪ್ಯಾಡನ್ನು ತಾನೇ ಎತ್ತಿಕೊಂಡು ಹೆಬ್ಬೆರಳನ್ನು ಒತ್ತಿ ನೀಲಿ ಮಾಡಿಕೊಂಡಿದ್ದಳು. ಆ ಬೆರಳು ಕಾಗದದ ಮೇಲೆ ಬರುತ್ತಿತ್ತು. ನಾನು ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಗಳಿಗೆಯಲ್ಲಿ ನನಗೆ ಕರುಣೆ ಮೊದಲು ಬರಲಿಲ್ಲ. ಮೊದಲು ಬಂದದ್ದು, ಒತ್ತಲಿ, ನಾನು ಪಾರಾಗುತ್ತೇನೆ ಎಂಬ ಆಸೆ. ಅದರ ಹಿಂದೆಯೇ ಸೀಲು ಹಾಕಿದ ಚೀಲಗಳು ಕಣ್ಣಿಗೆ ಬಂದವು. ಬೇರೆಯವರಿಗೆ ಕೊಡುವುದಿಲ್ಲ ಎಂದು ಒತ್ತಿದ ಬೆರಳು, ನಾನೇ ಕೊಟ್ಟೆ ಎಂದು ಇನ್ನೊಂದು ಕಾಗದಕ್ಕೂ ಒತ್ತುತ್ತಿದೆ. ಎರಡೂ ಕಾಗದಗಳು ಒಂದೇ ಮೇಜಿನ ಮೇಲೆ ಬರುವ ದಿನ ಕಂಪನಿಯವರು ನನ್ನನ್ನು ಬಿಟ್ಟು ಇವಳನ್ನು ಹಿಡಿಯುತ್ತಾರೆ. ಇವಳು ಕೇಳಿದ ಪ್ರಶ್ನೆಗೆ ಆಗ ಹೌದು ಎನ್ನಬೇಕಾಗುತ್ತದೆ.

ಕಾಗದ ಎಳೆದುಕೊಂಡೆ. ಬೆರಳು ಗಾಳಿಯಲ್ಲಿ ನಿಂತಿತು. ಪ್ಯಾಡಿನ ಮುಚ್ಚಳ ಒತ್ತಿ ಮುಚ್ಚಿದೆ.

"ಯಾಕೋ, ತಪ್ಪ ಜಾಗಾ ಆತೇನ?"

"ಇಲ್ಲ ಆಯಿ. ಬ್ಯಾಡ ಇದು. ಇನ್ನ ಮ್ಯಾಲ ಯಾರ ಬಂದ್ರೂ, ನಾನ ಬಂದ್ರೂ, ಒತ್ತಬ್ಯಾಡ. ಓದಿ ತಿಳಿಸಿ ಹೇಳೂವ್ರು ನಿಮ್ಮ ಮನೆಯವ್ರು ಯಾರರ ಇರಬೇಕು."

ಹೆಂಡತಿ ಬಟ್ಟಲಿನ ಎಣ್ಣೆ ತೆಗೆದುಕೊಂಡು ಆ ಬೆರಳನ್ನು ತಿಕ್ಕಿದಳು. ನೀಲಿ ಪೂರ್ತಿ ಹೋಗಲಿಲ್ಲ. ಉಗುರಿನ ಸಂದಿಯಲ್ಲಿ ಉಳಿಯಿತು. ಕಾಗದವನ್ನು ನಾನು ಅಲ್ಲೇ ಒಲೆಗೆ ಹಾಕಲಿಲ್ಲ. ಬರೀ ಕಾಗದವಾಗಿಯೇ ಹಿಂದೆ ತಂದೆ. ಅದರ ಮೇಲೆ ಯಾವ ಗುರುತೂ ಇಲ್ಲ ಎಂದು ತೋರಿಸಲು ಅದು ಇರಬೇಕು ಎನ್ನಿಸಿತು.

ವಕೀಲರಿಗೆ ಸಿಟ್ಟು ಬಂತು. "ದೇವರು ಕೊಟ್ಟದ್ದನ್ನ ಬ್ಯಾಡ ಅಂದ ಬಂದೀರಲ್ರಿ! ಇನ್ನ ಏನ ಮಾಡತೀರಿ?"

ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ದಿನಗಳು ಹೇಗೆ ಕಳೆದವು ಎಂದರೆ, ಅಂಗಡಿಯ ಮುಂದೆ ಬೂಟಿನ ಸಪ್ಪಳವಾದರೆ ನಾನು ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಗಿರಾಕಿಗಳು ಅಂಗಿ ಮುಟ್ಟಿ ನೋಡಿದರೆ ಅವರ ಬೆನ್ನಿಗೆ ಬ್ಯಾಗು ಇದೆಯೋ ಎಂದು ನೋಡುತ್ತಿದ್ದೆ. ಪಂಚನಾಮೆಯಲ್ಲಿ ನನ್ನ ಹೆಸರಿನ ಮುಂದೆ 'ಬಟ್ಟೆ ವ್ಯಾಪಾರ' ಎಂದಿದೆಯಲ್ಲ, ಅದೊಂದು ಹುಳುವಿನ ಹಾಗೆ ಕೊರೆಯುತ್ತಿತ್ತು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಒಂದು ಬೆಳಿಗ್ಗೆ ಹೆಂಡತಿ ಶಟರ್ ಎತ್ತುವ ಮೊದಲು ಹೇಳಿದಳು: "ನೀವ ಹೋಗ್ರಿ. ನಿಪ್ಪಾಣಿಗೆ ಹೋಗಿ ಹೇಳಿ ಬರ್ರಿ. ಅವ್ರ ಬರ್ತಾರಂತ ಕಾಯ್ಕೋಂತ ಕುಂತ್ರ ಅವ್ರ ಬರೂದ್ರಾಗ ನಾವ ಉಳಿಯಾಂಗಿಲ್ಲ."

ವಕೀಲರು ಗೊಣಗುತ್ತ ಜೊತೆಗೆ ಬಂದರು. ಅದೇ ಅಧಿಕಾರಿ ಇದ್ದರು. ನಾನು ನಿಂತೇ ಹೇಳಿದೆ: ಪಂಚನಾಮೆಯಲ್ಲಿ ಬಟ್ಟೆ ವ್ಯಾಪಾರ ಎಂದು ಹೇಳಿದ್ದೆ, ಅದರ ಜೊತೆಗೆ ನಾನು ಪ್ರಿಂಟರ್ ಕೂಡ, ಅದೇ ಮಾತನ್ನು ನಾನೂ ಅಂಗಿಯ ಮೇಲೆ ಹಾಕಿದ್ದೇನೆ, ಈಗ ನಿಲ್ಲಿಸಿದ್ದೇನೆ. ಒಂದು ಅಂಗಿ, ಬಟರ್ ಪೇಪರು ಮೇಜಿನ ಮೇಲಿಟ್ಟೆ.

ಅಧಿಕಾರಿ ಅಂಗಿಯನ್ನು ತಿರುಗಿಸಿ ನೋಡಿದರು. "ಅವತ್ತ ಯಾಕ ಹೇಳ್ಲಿಲ್ಲ?"

"ಹೆದರಿದ್ನಿರಿ."

"ಇವತ್ತ?"

"ಇವತ್ತೂ ಹೆದರಿಕಿ ಐತ್ರಿ."

ವಕೀಲರು ಕೆಮ್ಮಿದರು. ಅಧಿಕಾರಿ ಪೆನ್ನು ತೆಗೆದರು. "ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

ಆಯಿಯ ಹೆಸರು ಬಾಯಿಗೆ ಬಂತು. ಉಡಿ, ಕಾಯಿ, ಬರಕೋ ಮಗಾ ಎಂದ ದನಿ, ಎಲ್ಲ ಬಂತು. "ಬರವಣಿಗಿಯೊಳಗ ಯಾರನ್ನೂ ಕೇಳಿಲ್ರಿ," ಎಂದೆ. "ಅಂಗಿ ಮಾಡಿದಾಂವ ನಾನು. ಹಂಗ ಬರಕೋರಿ."

ಅವರು ನನ್ನ ಮುಖ ನೋಡಿದರು. ಮತ್ತೆ ಕೇಳಲಿಲ್ಲ. ನಾನು ಹೇಳಿದಷ್ಟನ್ನೇ ಬರೆದರು. ಇದರ ಮೇಲೆ ಸದ್ಯ ದೂರಿಲ್ಲ, ಬಂದರೆ ಕರೆಯುತ್ತೇವೆ, ಊರು ಬಿಟ್ಟು ಹೋಗುವುದಿದ್ದರೆ ತಿಳಿಸಿ ಎಂದರು. ಪಂಚನೆಂದು ಕೋರ್ಟಿಗೆ ಬರುವುದು ತಪ್ಪುವುದಿಲ್ಲ ಎಂದೂ ಹೇಳಿದರು.

ಕೆಲವು ವಾರಗಳ ನಂತರ ಕಂಪನಿಯ ನೋಟಿಸು ಬಂತು. ಆ ಮಾತನ್ನು ಅಂಗಿಗೆ, ಚೀಲಕ್ಕೆ, ಲೋಟಕ್ಕೆ ಎಲ್ಲೂ ಹಾಕಕೂಡದು, ಹಾಕುವುದಿಲ್ಲ ಎಂದು ಬರೆದುಕೊಡಿ ಎಂದಿತ್ತು. ಟ್ರೇಡ್‌ಮಾರ್ಕಿಗೆ ಅರ್ಜಿ ಕೊಟ್ಟಿದ್ದಾರೆ, ಇನ್ನೂ ಸಿಕ್ಕಿಲ್ಲ, ವಾದ ಮಾಡಬಹುದು ಎಂದರು ವಕೀಲರು. ವಾದ ಮಾಡಬೇಕಾದರೆ ಮಾತು ಯಾರದೆಂದು ಹೇಳಬೇಕು. ಹೇಳಿದರೆ ಆಯಿಯನ್ನು ಕರೆಸುತ್ತಾರೆ. ನಾನು ಬರೆದುಕೊಟ್ಟೆ. ಉಳಿದ ಅಂಗಿಗಳೂ ಸ್ಕ್ರೀನೂ ಗೋಣಿಚೀಲದಲ್ಲಿ ಕಟ್ಟಿ ಹಿಂದಿನ ಕೋಣೆಯಲ್ಲಿವೆ. ಕಾಕಾನ ಕೇಸು ನಡೆಯುತ್ತಿದೆ. ಅವರು ಈಗ ಮದುವೆಯ ಚೀಲಗಳಿಗೆ ಮಾತ್ರ ಅಚ್ಚು ಹಾಕುತ್ತಾರೆ. ನನ್ನ ಜೊತೆ ಮಾತು ಬಿಟ್ಟಿಲ್ಲ, ಆದರೆ ತಮಾಷೆ ಬಿಟ್ಟಿದ್ದಾರೆ.

ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಇದ್ದಾರೆ. ನಿಪ್ಪಾಣಿಯ ಅಂಗಡಿಯಲ್ಲಿ ನಡೆದದ್ದನ್ನು ಕಾಕಾ ಕಂಡಿದ್ದಾರೆ, ಎದುರಿನ ಕ್ಷೌರಿಕ ಕಂಡಿದ್ದಾನೆ. ಇಬ್ಬರೂ ಅದೇ ಬೀದಿಯಲ್ಲಿದ್ದಾರೆ. ನನ್ನ ಹೇಳಿಕೆ ಬರೆದುಕೊಂಡ ಅಧಿಕಾರಿಗೆ ಬೇರೆ ಕಡೆ ವರ್ಗವಾಗಿದೆ, ಸೇವೆಯಲ್ಲಿದ್ದಾರೆ. ಜುಗೂಳದ ಒಲೆಯ ಮುಂದೆ ಆ ಬೆರಳು ಕಾಗದಕ್ಕೆ ತಾಗದೆ ಹಿಂದೆ ಹೋದದ್ದನ್ನು ನಾನಲ್ಲದೆ ಮೂವರು ಕಂಡಿದ್ದಾರೆ: ನನ್ನ ಹೆಂಡತಿ, ಆಯಿಯ ಗಂಡ, ಆಯಿ. ಮೂವರೂ ಬದುಕಿದ್ದಾರೆ. ಕೇಳುವುದಿದ್ದರೆ ನನ್ನನ್ನು ಕೇಳಿ. ಆಯಿಯನ್ನು ಕೇಳಬೇಡಿ.